ಪೇಲ್ ಏಲಿಗೆ ಏಲಕ್ಕಿ

ಹೊನ್ನಾಳಿ
೧೨ ಜುಲೈ ೨೦೨೪, ಶುಕ್ರವಾರ

ನನ್ನ ಯಜಮಾನರಿಗೆ, ನಿಮ್ಮ ದುರ್ಗಾಂಬಿಕಾ ಮಾಡುವ ನಮಸ್ಕಾರಗಳು.

ಗೋವಾದಲ್ಲಿ ಆರೋಗ್ಯ ಹೇಗಿದೆ? ಕೆಮ್ಮು ಹೋಯಿತೇ? ಇಲ್ಲಿ ಅತ್ತೆ, ಮಾವ ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದವಳು ನಾನೊಬ್ಬಳೇ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಸ್ಪೀಕರ್ ಹಾಕಿಸುತ್ತಾರೆ, ಅದಕ್ಕೇ ಈ ಕಾಗದ.

ಬಿಯರ್ ಫ್ಯಾಕ್ಟರಿಯ ಕೆಲಸವನ್ನು ನೀವು ಮನೆಯಲ್ಲಿ ಆಶ್ರಮದ ಕಷಾಯ ಕಂಪನಿ ಎಂದಿರಿ. ಅಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವಂತಿಲ್ಲ ಎಂದೂ ಸೇರಿಸಿದಿರಿ. ನಿಜ ಹೇಳಿದ್ದು ನನಗೊಬ್ಬಳಿಗೇ. ಹೋದ ಸಲ ನೀವು ತಂದ, ಬಿಯರಿಗೆ ಹಾಕುವ ಹಾಪ್ಸ್ ಹೂವನ್ನು ಅತ್ತೆ ದಿನಾ ಕುದಿಸಿ ಕುಡಿಯುತ್ತಾರೆ. ಫೋನಿನಲ್ಲಿ ಬಾಯಿ ತಪ್ಪಿ ನೀವು ನಿಮ್ಮ ಬಿಯರಿನ ಹೆಸರು ‘ಪೇಲ್ ಏಲ್’ ಅಂದದ್ದು ಅವರ ಕಿವಿಗೆ ಏಲಕ್ಕಿಯಾಗಿ ಕೇಳಿಸಿ, ಈಗ ಅದಕ್ಕೆ ಏಲಕ್ಕಿಯೂ ಬೀಳುತ್ತಿದೆ. ಪಕ್ಕದ ಮನೆಯ ಸಾವಂತ್ರಮ್ಮನಿಗೂ ಒಂದು ಲೋಟ. “ನನ್ ಮಗ ಮಾಡೋ ಔಷ್ದಿ, ಕಹಿ ಐತೆ, ಕಣ್ಮುಚ್ಚಿ ಕುಡೀರಿ” ಅನ್ನುತ್ತಾರೆ. ನಗುವಂತಿಲ್ಲ, ಅಳುವಂತಿಲ್ಲ. ಹಲ್ಲು ಕಚ್ಚಿಕೊಂಡು ಲೋಟ ತೊಳೆಯುತ್ತೇನೆ.

ಆ ಹೂವು ಕುದಿಯುವಾಗೆಲ್ಲ ನೀವು ಮಾಳಿಗೆಯ ಮೇಲೆ ಕೂತು ಹೇಳಿದ್ದು ನೆನಪಾಗುತ್ತದೆ. ಹೂವನ್ನು ಮೊದಲೇ ಹಾಕಿ ಕುದಿಸಿದರೆ ಕಹಿ, ಕೊನೆಯಲ್ಲಿ ಹಾಕಿದರೆ ಕಿತ್ತಳೆ ಸಿಪ್ಪೆಯ ಘಮ, ಜೊತೆಗೆ ಹುರಿದ ಬಾರ್ಲಿಯ ಸಣ್ಣ ಸಿಹಿ. ಮಂಡಕ್ಕಿ ಮಿರ್ಚಿಗೆ ಪೇಲ್ ಏಲ್ ಇದ್ದರೆ ಎಣ್ಣೆಯ ಜಿಡ್ಡೆಲ್ಲ ನಾಲಿಗೆ ಬಿಟ್ಟು ಹೋಗುತ್ತದೆ, ಹೋಳಿಗೆ ಜೊತೆ ಮಾತ್ರ ಬೇಡ ಅಂದಿರಿ. ಕುಡಿಯದವಳ ಬಾಯಲ್ಲೂ ನೀರು ಬಂತು ನೋಡಿ! ಅಂಥ ಮಾತುಗಾರರ ಜೊತೆ ಸಂಸಾರ ಮಾಡುವ ಆಸೆ ನನಗೆ. ಇಲ್ಲಿ ಜಗಳೂರಿಗೆ, ತವರಿಗೆ ಹೋಗಿಬರುತ್ತೇನೆಂದರೂ ಅತ್ತೆ, “ಅವ್ನು ಅಲ್ಲಿ ವ್ರತದಾಗೆ ಅದಾನೆ, ನೀನು ಊರೂರು ತಿರುಗ್ತೀಯೇನು?” ಅನ್ನುತ್ತಾರೆ. ನಿಮ್ಮ ಸುಳ್ಳನ್ನು ಕಾಯುತ್ತಾ ಈ ನಾಲ್ಕು ಗೋಡೆಯೊಳಗೆ ಉಸಿರು ಕಟ್ಟುತ್ತಿದೆ ಕಣ್ರೀ.

ಒಂದು ರೂಮು ನೋಡಿ, ನನ್ನನ್ನು ಕರೆಸಿಕೊಳ್ಳಿ. ಬಿಯರ್ ಎಂದು ತಿಳಿದರೆ ಅತ್ತೆ ನಿಮ್ಮನ್ನು ಮನೆಗೇ ಸೇರಿಸುವುದಿಲ್ಲ ಎಂದು ಹೆದರಿಸಿದ್ದೀರಿ. ಹೆದರಿಯೇ ಇಷ್ಟು ದಿನ ಸುಮ್ಮನಿದ್ದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ, ನಿಮ್ಮ ದಾರಿ ಕಾಯುತ್ತಿರುವ
ದುರ್ಗಾಂಬಿಕಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅತ್ತೆ ಬಂದು, ಕಷಾಯದ ಹೂವು ಮುಗಿಯಿತು, ಅದನ್ನೂ ಬರಿ ಅಂದರು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಬಿಯರಿನ ಮಾತೇ ಎತ್ತಲಿಲ್ಲ. “ಆಶ್ರಮನೇ ಇಲ್ಲ ಅಂದ್ಮೇಲೆ ನಿನ್ನ ಯಾಕೆ ಇಲ್ಲಿ ಬಿಟ್ಟೋದ?” ಎಂದು ಕೇಳಿದರು. ಅದಕ್ಕೆ ಉತ್ತರವನ್ನು ನೀವೇ ಬರೆಯಿರಿ.