ಓಟಿಲ್ಲದ ಮಂತ್ರಿ

ಮನೆಯ ಮಹಡಿಯಿಂದ,
ಮಾರ್ಚ್ ೧೦, ಸೋಮವಾರ

ಪ್ರೀತಿಯ ಪುಟ್ಟೀ,

ನಿನ್ನ ಕೆಮ್ಮು ಹೇಗಿದೆ? ದಿನವಿಡೀ ಮಕ್ಕಳಿಗೆ ಪೌರನೀತಿ ಪಾಠ ಹೇಳಿ ಗಂಟಲು ಹರಿದುಕೊಳ್ಳಬೇಡ, ಬಿಸಿನೀರು ಕುಡಿಯುತ್ತಿರು. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ನಿಮ್ಮಪ್ಪನೂ ಚೆನ್ನಾಗಿದ್ದಾನೆ. ನೀನು ಕೇಳುವುದಿಲ್ಲವೆಂದು ಗೊತ್ತು, ಆದರೂ ಹೇಳಿದೆ. ಅವನು ಕಾನೂನು ಮಂತ್ರಿಯಾದ ದಿನ "ಒಬ್ಬರ ಹತ್ರಾನೂ ಓಟು ಕೇಳದೆ ಸಿಕ್ಕಿದ ಕುರ್ಚಿ ಅಪ್ಪಾ, ನನಗೆ ನಾಚಿಕೆ ಆಗುತ್ತೆ" ಎಂದು ಫೋನಿಟ್ಟವಳು ನೀನು. ಅಂದಿನಿಂದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೀರಿ. ಹಠದಲ್ಲಿ ನೀನು ಅವನ ಮಗಳೇ ಸರಿ.

ಈಗ ಅವನು ಮಂತ್ರಿಯಲ್ಲ. ಆದರೂ ಹಿಡಿದ ಕೆಲಸ ಗೆದ್ದು ಬಂದಿದ್ದಾನೆ, ಅದನ್ನು ಕಣ್ಣಾರೆ ಕಂಡವಳು ನಾನು. ಚುನಾಯಿತನಲ್ಲದ ಮಂತ್ರಿ ಆರು ತಿಂಗಳೊಳಗೆ ಆರಿಸಿ ಬರಬೇಕು, ಇಲ್ಲವೇ ಇಳಿಯಬೇಕು ಎಂಬುದನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಅವನು ಕುರ್ಚಿ ಒಪ್ಪಿದ್ದು ಒಂದೇ ಕಾನೂನಿಗಾಗಿ: ಕೋರ್ಟು ಬಾಡಿಗೆದಾರನ ಮಾತು ಕೇಳುವವರೆಗೆ ಅವನನ್ನು ಮನೆಯಿಂದ ಹೊರಹಾಕುವಂತಿಲ್ಲ. ನಮ್ಮ ಮುಂದಿನ ಕೋಣೆಯ ಬೆಂಚಿನ ಮೇಲೆ ಹಾಸಿಗೆ ಸುರುಳಿ, ಪಾತ್ರೆ ಮೂಟೆ ಇಟ್ಟುಕೊಂಡು ಅಳುತ್ತ ಕೂರುತ್ತಿದ್ದ ಅವನ ಕಕ್ಷಿದಾರರನ್ನು ನೋಡಿಯೇ ನೀನು ಬೆಳೆದದ್ದು.

ಮಸೂದೆಯ ದಿನ ಶಾಸನಸಭೆಯ ಗ್ಯಾಲರಿಗೆ ನನಗೂ ಒಂದು ಪಾಸು ಸಿಕ್ಕಿತು. ನಿಮ್ಮಪ್ಪ ಬಾಯಿಬಿಟ್ಟವನೇ ಮನೆ ಮಾಲೀಕರ ಪರ ವಾದ ಶುರುಮಾಡಿದ. ಎದುರಾಳಿಯ ವಾದವನ್ನು ಮೊದಲು ತಾನೇ ಹೇಳುವ ಅವನ ಹಳೇ ಚಾಳಿ ನಿನಗೆ ಗೊತ್ತಲ್ಲ. ಚಿಕ್ಕವಳಿದ್ದಾಗ ನೀನು ಐಸ್‌ಕ್ರೀಮ್ ಕೇಳಿದರೂ ಮೊದಲು ನಿನ್ನ ಪರ ವಾದಿಸಿ ಆಮೇಲೆ ಬೇಡ ಅನ್ನುತ್ತಿದ್ದ. ಬಾಡಿಗೆಯನ್ನೇ ನಂಬಿಕೊಂಡ ವಿಧವೆ, ವರ್ಷಗಟ್ಟಲೆ ಎಳೆಯುವ ಕೇಸು, ಯಾವುದನ್ನೂ ಬಿಡಲಿಲ್ಲ. ಅವನ ಕಡೆಯವರೇ ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೊಂದಕ್ಕೂ ಮಸೂದೆಯಲ್ಲಿದ್ದ ಉತ್ತರ ಓದಿದ: ತಿಂಗಳೊಳಗೆ ತೀರ್ಪು ಬರಲೇಬೇಕು, ಅಲ್ಲಿಯವರೆಗಿನ ಬಾಡಿಗೆಯನ್ನು ಕೋರ್ಟಿಗೆ ಕಟ್ಟಲೇಬೇಕು.

ಸಭಾಧ್ಯಕ್ಷರು "ಪರವಾಗಿರೋರು ಎದ್ದು ನಿಲ್ಲಿ" ಅಂದರು. ಪೀಠದಿಂದ ಅಪ್ಪಣೆಯಾದರೆ ಎದ್ದು ನಿಲ್ಲುವುದು ನಿಮ್ಮಪ್ಪನಿಗೆ ಕೋರ್ಟಿನಲ್ಲಿ ಮೈಗೂಡಿದ ಅಭ್ಯಾಸ. ಎಲ್ಲರಿಗಿಂತ ಮೊದಲು ಎದ್ದುಬಿಟ್ಟ. "ಮಂತ್ರಿಗಳೇ, ನೀವು ಕೂತ್ಕೊಳ್ಳಿ. ನೀವು ಸದಸ್ಯರಲ್ಲ, ಮಾತಾಡಬಹುದು, ಓಟಿಲ್ಲ" ಅಂದರು ಸಭಾಧ್ಯಕ್ಷರು. ಸಭೆ ಗೊಳ್ಳೆಂದಿತು. ಕಿವಿ ಕೆಂಪಗೆ ಮಾಡಿಕೊಂಡು ಕೂತ. ಆಗ ನಿನ್ನ ಮಾತು ನನ್ನನ್ನೂ ಚುಚ್ಚಿತು, ಸುಳ್ಳು ಹೇಳಲಾರೆ. ಅವನ ಪಕ್ಷದಲ್ಲೇ ಬಾಡಿಗೆಮನೆಗಳನ್ನು ಕಟ್ಟಿಸಿದವರು ಮಿಸುಕದೆ ಕೂತಿದ್ದರು, ಸೋಲು ಖಂಡಿತ ಅಂದುಕೊಂಡೆ. ಅಷ್ಟರಲ್ಲಿ ವಿರೋಧ ಪಕ್ಷದ ಸಾಲಿನಿಂದ, ಕೋರ್ಟಿನಲ್ಲಿ ಮಾಲೀಕರ ಪರ ನಿಂತು ಅವನೊಡನೆ ಹಾವು ಮುಂಗುಸಿಯಂತಿದ್ದ ಆ ಬೋಳುತಲೆ ವಕೀಲರು ಎದ್ದರು. "ನಾನು ಹೇಳ್ಬೇಕಾದ್ದನ್ನೆಲ್ಲ ಅವರೇ ಹೇಳಿ ಉತ್ತರಾನೂ ಕೊಟ್ಟಾಯ್ತು. ಅವರು ನಿಲ್ಲೋ ಹಾಗಿಲ್ಲ ಅಂದ್ರೆ ಅವರ ಬದಲು ನಾನು ನಿಲ್ತೀನಿ." ಅವರ ಹಿಂದೆ ಒಬ್ಬೊಬ್ಬರಾಗಿ ಎದ್ದರು. ಮಸೂದೆ ಗೆದ್ದಿತು. ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆಯಬಾರದಂತೆ. ಹೊಡೆದೆ, ಕಾವಲಿನವನು ಗದರಿದ, ಮತ್ತೆ ಹೊಡೆದೆ.

ಆರು ತಿಂಗಳು ತುಂಬುತ್ತ ಬಂದಾಗ, ವಯಸ್ಸಾದ ಸದಸ್ಯರೊಬ್ಬರಿಂದ ರಾಜೀನಾಮೆ ಕೊಡಿಸಿ ಆ ಕ್ಷೇತ್ರ ಕೊಡುತ್ತೇವೆಂದು ಪಕ್ಷದವರು ದುಂಬಾಲು ಬಿದ್ದರು. "ಇನ್ನೊಬ್ಬರನ್ನ ಎಬ್ಬಿಸಿ ನಾನು ಕೂರಲ್ಲ" ಎಂದವನೇ ಸರ್ಕಾರಿ ಕಾರು ಒಪ್ಪಿಸಿ ಬಸ್ಸಿನಲ್ಲಿ ಮನೆಗೆ ಬಂದ. ಮರುದಿನವೇ ಕರಿ ಕೋಟು ತೊಟ್ಟು ಕೋರ್ಟಿಗೆ ಹೋದ. ಮೊನ್ನೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅವನನ್ನು ಕಾಣಲು ಬಂದಿದ್ದಳು, ಮೂಟೆ ಇಲ್ಲದೆ, ಬರಿಗೈಯಲ್ಲಿ. ಮಾಲೀಕ ಖಾಲಿ ಮಾಡು ಅಂದರೂ ಮಷೀನು ಮನೆಯಲ್ಲೇ ಇದೆ, ಕೋರ್ಟಿನವರು ವಿಚಾರಣೆಗೆ ದಿನ ಕೊಟ್ಟಿದ್ದಾರೆ ಎಂದಳು. ನನಗೆ ಕಣ್ಣು ತುಂಬಿ ಬಂತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಆಯುಸ್ಸು ಹೆಚ್ಚಲಿ, ಹಠ ಕಡಿಮೆಯಾಗಲಿ ಎಂದು ಹರಸುವ,

ನಿನ್ನ ಅಜ್ಜಿ

ತಾಜಾ ಕಲಂ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಮುಂದಿನ ಚುನಾವಣೆಗೆ ನಿಮ್ಮಪ್ಪ ನಮ್ಮ ಬೀದಿಯ ಕ್ಷೇತ್ರದಿಂದಲೇ ನಿಲ್ಲುತ್ತಾನೆ. ನಿನ್ನ ಓಟು ಇನ್ನೂ ಇಲ್ಲೇ ಇದೆ. ಮೊದಲು ನಿನ್ನ ಹತ್ತಿರವೇ ಓಟು ಕೇಳಬೇಕೆಂದು ಶನಿವಾರ ಬೆಳಗಿನ ರೈಲಿಗೆ ನಿನ್ನೂರಿಗೆ ಬರುತ್ತಿದ್ದಾನೆ. ನಾನು ಹೇಳಿದೆನೆಂದು ಹೇಳಬೇಡ. ಕನ್ನಡಿ ಮುಂದೆ ನಿಂತು, ತನಗೆ ಯಾಕೆ ಓಟು ಕೊಡಬಾರದು ಎಂದು ನಿನ್ನ ಪರವೇ ಚೆನ್ನಾಗಿ ವಾದಿಸಿಕೊಳ್ಳುತ್ತಾನೆ. ಅದಕ್ಕೆ ಉತ್ತರ ಮಾತ್ರ ಇನ್ನೂ ಹೊಳೆದಿಲ್ಲ. ನೀನೇ ಸ್ವಲ್ಪ ಸಹಾಯ ಮಾಡು.