ಗಾಳಿಯ ಮೇಲೆ ನಿಂತ ಗಾಡಿ

9 ನವೆಂಬರ್ 2008, ಚಿತ್ರದುರ್ಗ

ಭಾನುವಾರವಾದರೂ ಪ್ರೆಸ್ ತೆರೆದಿದ್ದೆ. ಲಗ್ನಪತ್ರಿಕೆ ಸೀಸನ್. ಹೊಳಲ್ಕೆರೆಯ ಓಬಣ್ಣ ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡಲು ಬಂದಿದ್ದರು. ಅದಿರು ಲಾರಿಗಳ ಕಂಟ್ರಾಕ್ಟರ್. ಹೊರಡುವಾಗ ಅಂದರು — "ನಾಗಣ್ಣ, ನನ್ನ ಫಾರಿನ್ ಗಾಡಿ ಮಾರ್ತಾ ಇದೀನಿ. ನೀವೇ ತಗಳ್ರಿ. ಅದಕ್ಕೆ ಸ್ಪ್ರಿಂಗೇ ಇಲ್ಲ. ಗಾಳಿ ಮೇಲೆ ನಿಂತೈತೆ."

ಗಾಳಿ ಮೇಲೆ? ಆಮೇಲೆ ಕೆಲಸಕ್ಕೆ ಮನಸ್ಸೇ ಹತ್ತಲಿಲ್ಲ. ಇನ್ನೊಂದು ಕಾರ್ಡಿನಲ್ಲಿ ವರನ ಜಾಗದಲ್ಲಿ ಅವನ ತಂದೆಯ ಹೆಸರು ಕೂರಿಸಿಬಿಟ್ಟಿದ್ದೆ. ಸದ್ಯ, ಅಚ್ಚಿಗೆ ಹೋಗುವ ಮುಂಚೆ ಕಣ್ಣಿಗೆ ಬಿತ್ತು.

11 ನವೆಂಬರ್, ಸಂಜೆ

ಸೈಬರ್ ಸೆಂಟರ್‌ನಲ್ಲಿ ಕೂತು ಓದಿದೆ. ಏರ್ ಸಸ್ಪೆನ್ಶನ್. ಚಕ್ರದ ಮೇಲೆ ಕಬ್ಬಿಣದ ಸ್ಪ್ರಿಂಗ್ ಬದಲು ದಪ್ಪ ರಬ್ಬರ್ ಚೀಲ. ಕಂಪ್ರೆಸರ್ ಅದಕ್ಕೆ ಗಾಳಿ ತುಂಬುತ್ತದೆ. ಹಳ್ಳಕ್ಕೆ ಬಿದ್ದರೆ ಪೆಟ್ಟನ್ನು ಗಾಳಿಯೇ ನುಂಗುತ್ತದಂತೆ. ಎಷ್ಟು ಸರಳ!

ಹೆಂಡತಿ ಶೋಭಾ ನೆನಪಾದಳು. ಸ್ಕೂಟರ್‌ನಿಂದ ಬಿದ್ದು ಸೊಂಟದ ಕೀಲಿಗೆ ಆಪರೇಶನ್ ಆದಮೇಲೆ ಹೊಸದುರ್ಗಕ್ಕೆ, ಅವಳ ಅಕ್ಕ ಜಯಕ್ಕನ ಮನೆಗೆ, ಹೋಗಿಯೇ ಇಲ್ಲ. ಕರೆದರೆ ನೋವು ಅನ್ನುತ್ತಾಳೆ. ಆ ರಸ್ತೆಯನ್ನೂ ಅದಿರು ಲಾರಿಗಳು ಉತ್ತು ಹಾಕಿವೆ. ಈ ಗಾಡಿಯಾದರೆ...?

16 ನವೆಂಬರ್

ಮೆಕ್ಯಾನಿಕ್ ಜಮೀರ್‌ನನ್ನು ಕರೆದುಕೊಂಡು ಹೊಳಲ್ಕೆರೆಗೆ ಹೋದೆ. ಗಾಡಿ ಶೆಡ್‌ನಲ್ಲಿ ಹಿಂದುಗಡೆ ಒಂದು ಪಕ್ಕಕ್ಕೆ ಕುಸಿದು ಕೂತಿತ್ತು. ಓಬಣ್ಣ ನಾಚಿಕೊಂಡೇ ಸ್ಟಾರ್ಟ್ ಮಾಡಿದರು. ಗುರ್ರ್... ನೋಡುನೋಡುತ್ತಲೇ ಎದ್ದು ನಿಂತಿತು! ಇನ್ನೊಂದು ಸಲ ಮಾಡ್ರಿ ಅಂದೆ. ಜಮೀರ್ ನಕ್ಕ.

ರಬ್ಬರಿಗೆ ಸೋಪಿನ ನೀರು ಬಳಿದ. ಗುಳ್ಳೆ ಎದ್ದವು.

"ಸೀಳೈತೆ ಸಾರ್. ಇದನ್ನ ಬದಲಾಯಿಸಿದ್ರೆ ನಾಳೆ ಇನ್ನೊಂದು ಹೋಗ್ತೈತೆ. ಸಾಮಾನು ಸಿಗೋದೂ ಕಷ್ಟ. ಎಂಜಿನ್ ಚೆನ್ನಾಗೈತೆ, ಗಾಡಿ ತಗಳ್ರಿ. ಚೀಲ ಕಿತ್ತಾಕಿ ಕಬ್ಬಿಣದ ಸ್ಪ್ರಿಂಗ್ ಹಾಕ್ಕೊಡ್ತೀನಿ. ತಲೆನೋವಿರಲ್ಲ."

"ಕುಲುಕಾಟ?"

"ಸ್ವಲ್ಪ ಜಾಸ್ತಿ. ಅಷ್ಟೇ."

ಬುದ್ಧಿ ಜಮೀರ್ ಕಡೆ. ಮನಸ್ಸು ಗಾಳಿ ಕಡೆ.

23 ನವೆಂಬರ್

ಓಬಣ್ಣ ಗಾಡಿಯನ್ನು ಮನೆಗೇ ತಂದರು. ಶೋಭಾ ಕೋಲೂರಿಕೊಂಡು ಗೇಟಿನ ತನಕ ಬಂದಳು. ನಮ್ಮ ಕಾರು ತೀರಾ ತಗ್ಗು, ಅವಳಿಗೆ ಸೊಂಟ ಬಗ್ಗಿಸಲಾಗುವುದಿಲ್ಲ. ಇದೋ ತೀರಾ ಎತ್ತರ.

"ಇಷ್ಟೆತ್ತರ ಹತ್ತಾಕಾಗಲ್ಲ. ಬ್ಯಾಡ" ಅಂದಳು. ಎತ್ತಿ ಕೂರಿಸೋಣವೆಂದು ಕೈ ಚಾಚಿದೆ. ಹಿಂದೆ ಸರಿದಳು.

"ತಡೀರಮ್ಮ" ಅಂತ ಓಬಣ್ಣ ಒಂದು ಬಟನ್ ಒತ್ತಿದರು. ಉಸ್ಸ್... ಗಾಡಿ ಇಡಿಯಾಗಿ ಕೆಳಗಿಳಿಯಿತು. ಸೀಟು ಅವಳ ಸೊಂಟದ ಮಟ್ಟಕ್ಕೆ. ಶೋಭಾ ಕೋಲು ಒಳಗಿಟ್ಟಳು. ಸೀಟಿಗೆ ಒರಗಿ ಕೂತು, ತಿರುಗಿ, ಕಾಲು ಎಳೆದುಕೊಂಡಳು. ಬಾಗಿಲನ್ನೂ ತಾನೇ ಹಾಕಿಕೊಂಡಳು.

ಹೊಳಲ್ಕೆರೆ ರಸ್ತೆಯಲ್ಲಿ ಪ್ರತಿ ಹಳ್ಳಕ್ಕೂ ನೋವಾಯ್ತಾ, ನೋವಾಯ್ತಾ ಅಂತ ಕೇಳಿದೆ. ಮನೆಗೆ ಬಂದಮೇಲೆ ಹೇಳಿದಳು — "ಅಲ್ಲರೀ, ಕುಲುಕಾಟಕ್ಕೆ ನಾನ್ಯಾವಾಗ ಹೆದರಿದ್ದೆ? ಅಕ್ಕನ ಬೀದೀಲಿ ಎಲ್ರೂ ನಿಂತು ನೋಡ್ತಿರ್ತಾರೆ. ನೀವು, ಭಾವ ಸೇರಿ ಮೂಟೆ ಇಳಿಸಿದಂಗೆ ನನ್ನ ಇಳಿಸ್ತೀರಿ. ಅದಕ್ಕೇ ನೋವು ಅಂತಿದ್ದೆ."

ಕಂಪ್ರೆಸರ್ ಬಗ್ಗೆ ಅಷ್ಟೆಲ್ಲ ಓದಿದೆ. ಇವಳನ್ನು ಇದೊಂದು ಮಾತು ಕೇಳಿರಲಿಲ್ಲ.

14 ಡಿಸೆಂಬರ್

ಗಾಡಿ ನಮ್ಮದಾಯಿತು. ಜಮೀರ್ ಮತ್ತೆ ಸ್ಪ್ರಿಂಗ್ ಮಾತೆತ್ತಿದ.

"ಸ್ಪ್ರಿಂಗ್ ಹಾಕಿದ್ರೆ ಕೆಳಗಿಳಿತೈತೇನಪ್ಪ?"

"ಅದೆಂಗಿಳಿತೈತೆ ಸಾರ್."

"ಹಂಗಾದ್ರೆ ಗಾಳೀನೇ ಇರ್ಲಿ."

ತಲೆ ಕೆರೆದುಕೊಂಡ. ಹೊಸ ಚೀಲ ಬೆಂಗಳೂರಿನಿಂದ ಬರಬೇಕು. ಮುಂದೆ ಇನ್ನೊಂದು ಸೀಳಿದರೆ? ಸೀಳುತ್ತದೆ. ಗೊತ್ತಿದ್ದೇ ತಗೊಂಡಿದ್ದು.

11 ಜನವರಿ 2009, ಹೊಸದುರ್ಗ, ಮಧ್ಯಾಹ್ನ

ಜಯಕ್ಕನ ಜಗುಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಗಾಡಿ ನಿಂತದ್ದೇ ತಡ, ಜಯಕ್ಕ ಇಬ್ಬರನ್ನು ಕರೆದುಕೊಂಡು ಓಡಿಬಂದರು, ತಂಗಿಯನ್ನು ಇಳಿಸಿಕೊಳ್ಳಲು. ಶೋಭಾ ಒಳಗಿಂದಲೇ, "ದೂರ ನಿಲ್ರಿ ಎಲ್ಲಾ!" ಬಟನ್ ಒತ್ತಿದಳು. ಉಸ್ಸ್...

"ಅಯ್ಯೋ, ಇದೇನೇ! ಎಮ್ಮೆ ಕುಂತಂಗೆ ಕುಂತ್ಕಂತಲ್ಲೇ!" ಜಯಕ್ಕ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಶೋಭಾ ಇಳಿದಳು. ಮನೆಯೊಳಗೂ ಬರಲಿಲ್ಲ. ಆಚೆಮನೆ ಕಾಳಕ್ಕನ್ನ ನೋಡ್ಕಂಡು ಬರ್ತೀನಿ ಅಂತ ಕೋಲೂರಿಕೊಂಡು ಬೀದಿ ಹಿಡಿದು ಹೋದಳು. ಆಗಿನಿಂದ ಒಂದೊಂದೇ ಮನೆ...

ಊಟಕ್ಕೆ ಕರೆಯುತ್ತಿದ್ದಾರೆ. ಅವಳಿನ್ನೂ ಬಂದಿಲ್ಲ. ಬೀದಿ ಕೊನೆಯಲ್ಲೆಲ್ಲೋ ಅವಳ ನಗು. ಹೋಗಿ ಕೈಹಿಡಿದು ಕರೆತರೋಣವೆಂದು ಎದ್ದೆ.

ಬೇಡ. ಅವಳೇ ಬರಲಿ.