ಅಜ್ಜಿಯ ಎಡಗೆನ್ನೆಯ ಹಸಿರು

ಮರಳೂರು, ತುಮಕೂರು
12 ಫೆಬ್ರುವರಿ 2025

ಪ್ರೀತಿಯ ಅಪ್ಪಾಜಿ,

ಬಳ್ಳಾರಿಯಲ್ಲಿ ಬಿಸಿಲು ಈಗಲೇ ಶುರುವಾಗಿದೆಯಂತೆ. ಮಂಡಿನೋವು ಹೇಗಿದೆ? ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳಿ, ಯಾರೂ ನಗುವುದಿಲ್ಲ. ಅಮ್ಮ ಕಳಿಸಿದ ಚಟ್ನಿಪುಡಿ ಮುಗಿದಿದ್ದರೆ ತಿಳಿಸಿ. ನಾವೆಲ್ಲ ಚೆನ್ನಾಗಿದ್ದೇವೆ. ದಿನಾ ಫೋನ್ ಮಾಡುವ ಮಗಳು ಕಾಗದ ಏಕೆ ಬರೆದಳೋ ಎಂದುಕೊಂಡಿರಬೇಕು. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ ಎಂಬುದು ನಿಮಗೆ ಗೊತ್ತೇ ಇದೆ. ಇನ್ನೊಂದು ಕಾರಣ ಲಕೋಟೆಯಲ್ಲಿದೆ: ಅಜ್ಜಿಯ ಫೋಟೋ. ಫೋನಿನಲ್ಲಿ ಕಳಿಸಿದ್ದರೆ ಬಣ್ಣ ಬೇರೆಯಾಗಿಬಿಡುತ್ತಿತ್ತು, ನಾನು ಒದ್ದಾಡಿದ್ದೆಲ್ಲ ಬಣ್ಣಕ್ಕಾಗಿಯೇ. ದಯವಿಟ್ಟು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ, ಬೆಳಗ್ಗೆ ಕಿಟಕಿಯ ಹತ್ತಿರ ನೋಡಿ.

ಸಂಕ್ರಾಂತಿ ಕಳೆಯುತ್ತಲೇ ಅಜ್ಜಿ ಹಟ ಹಿಡಿದರು. ಹಾರ ಹಾಕುವ ಫೋಟೋವನ್ನು ತಾವು ಗಟ್ಟಿಯಾಗಿರುವಾಗಲೇ ತೆಗೆಸಿ, ಕಟ್ಟು ಹಾಕಿಸಿ, ಕಣ್ಣಾರೆ ನೋಡಬೇಕಂತೆ. ತಾತನ ಫೋಟೋ ನೆನಪಿದೆಯಲ್ಲ, ಅವರು ತೀರಿಕೊಂಡ ಮೇಲೆ ಯಾವುದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ ಸ್ಟುಡಿಯೋದವರು ಗುಲಾಬಿ ಬಣ್ಣ ಬಳಿದು ಕೊಟ್ಟದ್ದು. ಈಗಲೂ ಅದಕ್ಕೆ ಹೂ ಮುಡಿಸುವಾಗ ಅಜ್ಜಿ, “ಇವ್ನ್ಯಾರೋ ಸಿನಿಮಾದವ್ನು ಕಣೆ, ನಮ್ ಯಜಮಾನ್ರಲ್ಲ” ಅನ್ನುತ್ತಾರೆ. ನನಗೆ ಅವರು ಕೊಟ್ಟ ಅಪ್ಪಣೆ ಇಷ್ಟು: “ನಾನ್ ಕರಿಯೋಳು, ಕರಿಯೋಳ್ನಂಗೇ ತೆಗಿ. ನಾನ್ ಹೋದ್ಮೇಲೆ ಯಾವ್ಳೋ ಬೆಳ್ಳಗಿರೋಳಿಗೆ ಹಾರ ಹಾಕ್ಬುಟ್ಟೀರಾ.” ಜೊತೆಗೆ, ತೆಗೆಯುವುದಾದರೆ ಗುಬ್ಬಿಯ ನಮ್ಮ ಹಳೆಯ ಮನೆಯ ಜಗಲಿಯ ಮೇಲೇ ತೆಗೆಯಬೇಕಂತೆ.

ಕುಣಿಗಲ್ಲಿನ ದಯಾನಂದ ಮಾಮ ಸ್ಟುಡಿಯೋ ಖಾಲಿ ಮಾಡಿದಾಗ ನನಗೆ ಕೊಟ್ಟ ರೀಲ್ ಕ್ಯಾಮೆರಾ ಇತ್ತಲ್ಲ, ಅದನ್ನೇ ತೆಗೆದುಕೊಂಡು ಹೋದೆವು. ಬೀಗ ತೆಗೆದು, ಜಗಲಿ ಗುಡಿಸಿ, ಅಜ್ಜಿಯನ್ನು ಕೂರಿಸಿ ತೆಗೆದೆ. ಬೆಂಗಳೂರಿನಲ್ಲಿ ತೊಳೆಸಿದ ಪ್ರಿಂಟುಗಳು ಬಂದವು. ಎಲ್ಲದರಲ್ಲೂ ಅಜ್ಜಿಯ ಎಡಗೆನ್ನೆ ಹಸಿರು. “ಇವ್ಳ್ಯಾರೆ, ಪಾಚಿ ಕಟ್ಟಿರೋಳು?” ಅಂದರು ಅಜ್ಜಿ. ಅಮ್ಮ ನಕ್ಕರು, ನಾನೂ ನಕ್ಕೆ, ಅಜ್ಜಿ ಮಾತ್ರ ನಗಲಿಲ್ಲ.

ಆಗ, ಕ್ಯಾಮೆರಾದ ಜೊತೆ ಮಾಮ ಕೊಟ್ಟಿದ್ದ ಕಲರ್ ಮೀಟರಿಗೆ ಹೊಸ ಬ್ಯಾಟರಿ ಹಾಕಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಮೇಲೆ ಹಾಲಿನ ಬಣ್ಣದ ಒಂದು ಗುಂಡು. ಅದು ಮನುಷ್ಯರ ಬಣ್ಣ ಅಳೆಯುವುದಿಲ್ಲ, ಅವರ ಮೇಲೆ ಬೀಳುವ ಬೆಳಕಿನ ಬಣ್ಣ ಅಳೆಯುತ್ತದೆ. ನಮ್ಮ ಕಣ್ಣು ನೆರಳಿನ ನೀಲಿಯನ್ನೂ ಬಲ್ಬಿನ ಹಳದಿಯನ್ನೂ ಅಷ್ಟಾಗಿ ಗಮನಕ್ಕೆ ತರುವುದಿಲ್ಲ. ರೀಲು ಬಿಡುವುದಿಲ್ಲ, ಎಲ್ಲವನ್ನೂ ಹಿಡಿಯುತ್ತದೆ. ಮತ್ತೆ ಗುಬ್ಬಿಗೆ ಹೋಗಿ, ಮೀಟರನ್ನು ಅಜ್ಜಿಯ ಮುಖದ ಹತ್ತಿರವೇ ಹಿಡಿದೆ. ಅಂಗಳದ ಕಡೆ ತಿರುಗಿಸಿದರೆ ನೆರಳಿನ ನೀಲಿ. ಅದಕ್ಕೆ ಲೆನ್ಸಿನ ಮುಂದೆ ತಿಳಿಹಳದಿ ಗಾಜು ಹಾಕಿದರೆ ಸಾಕು. ಎಡಕ್ಕೆ ತಿರುಗಿಸಿದೆ, ಅಂಕಿ ಹಸಿರಿನ ಕಡೆಗೆ ಜಿಗಿಯಿತು. ತಲೆಯೆತ್ತಿದರೆ ಎದುರಿಗೇ ಅನಂತರಾಜು ಚಿಕ್ಕಪ್ಪನ ಗೋಡೆ. ನಮ್ಮ ಜಗಲಿಗೆ ಗಾಳಿ ಆಡದ ಹಾಗೆ ಒತ್ತಿ ಕಟ್ಟಿದರು ಎಂದು ನೀವು ತಮ್ಮನ ಹತ್ತಿರ ಮಾತು ಬಿಟ್ಟಿರಲ್ಲ, ಅದೇ ಗೋಡೆ. ಈಗ ಅದಕ್ಕೆ ಗಿಳಿಹಸಿರು ಬಳಿಸಿದ್ದಾರೆ. ಬಿಸಿಲು ಅದಕ್ಕೆ ಬಡಿದು ಅಜ್ಜಿಯ ಕೆನ್ನೆಗೆ ಬರುತ್ತಿತ್ತು. ಗಾಜು ಹಾಕಿ ಎಡಗೆನ್ನೆ ಸರಿಮಾಡಿದರೆ ಬಲಗೆನ್ನೆ ಗುಲಾಬಿಯಾಗುತ್ತದೆ. ಉಳಿದದ್ದು ಒಂದೇ ದಾರಿ, ಗೋಡೆಗೆ ಬಿಳಿ ಬಟ್ಟೆ ಮುಚ್ಚುವುದು. ಅದಕ್ಕೆ ಚಿಕ್ಕಪ್ಪನನ್ನು ಕೇಳಬೇಕು.

ನನ್ನ ಸ್ವಭಾವ ನಿಮಗೆ ಗೊತ್ತು, ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಹಿಂಜರಿಯುವವಳು. ಆದರೆ ಮೀಟರ್ ಕೈಯಲ್ಲಿತ್ತು, ನಾನು ಹೇಳುವುದು ಸರಿಯೆಂದು ಖಾತ್ರಿಯಿತ್ತು. ಹೋಗಿ ಬಾಗಿಲು ಬಡಿದೆ. “ಚಿಕ್ಕಪ್ಪ, ನಿಮ್ಮ ಗೋಡೆ ಹಸಿರು ಅಜ್ಜಿ ಕೆನ್ನೆಗೆ ಹತ್ತಿದೆ” ಅಂದೆ. “ಇದಕ್ಕೂ ಪಂಚಾಯ್ತಿಗೆ ಅರ್ಜಿ ಕೊಟ್ಟವ್ನಾ ನಮ್ಮಣ್ಣ?” ಅಂದರು. ನಾನು ಮೀಟರನ್ನು ಅವರ ಕೈಗಿಟ್ಟೆ. ಗೋಡೆಯ ಕಡೆ ಹಿಡಿದರು, ಅಂಗಳದ ಕಡೆ ಹಿಡಿದರು, ಮತ್ತೆ ಗೋಡೆಯ ಕಡೆ ಹಿಡಿದರು. ಆಮೇಲೆ ಒಳಗೆ ಹೋಗಿ ಮಡಿಕೆ ಬಿಚ್ಚದ ಹೊಸ ಪಂಚೆ ತಂದು, ಗೋಡೆಗೆ ಬೆನ್ನು ಕೊಟ್ಟು, ಅದರ ಒಂದು ತುದಿಯನ್ನು ಎತ್ತಿ ಹಿಡಿದು ನಿಂತರು. ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಅಜ್ಜಿ ಅವರ ಮುಖ ನೋಡದೆಯೇ, “ಮೇಲಕ್ಕೆತ್ತೋ, ಬಟ್ಟೆ ಒಣಗಾಕೋನಂಗೆ ನಿಂತವ್ನೆ” ಅಂದರು. ಚಿಕ್ಕಪ್ಪ ಎತ್ತಿದರು. ಮೀಟರ್ ಹಸಿರು ಬಿಟ್ಟಿತು. ತೆಗೆದುಬಿಟ್ಟೆ. ಹೊರಡುವಾಗ ಅವರು ಪಂಚೆ ಮಡಚುತ್ತಾ ಒಂದೇ ಮಾತು ಕೇಳಿದರು: “ಅಣ್ಣಂಗೆ ಮಂಡಿ ನೋವಂತೆ?”

ಫೋಟೋ ನೋಡಿದಿರಲ್ಲ. ನೇರಳೆ ಅಂಚಿನ ಸೀರೆ ನೇರಳೆಯಾಗಿಯೇ ಇದೆ, ಅಜ್ಜಿ ಅಜ್ಜಿಯ ಬಣ್ಣದಲ್ಲೇ ಇದ್ದಾರೆ. ಬಹಳ ಹೊತ್ತು ನೋಡಿ, “ಹೂಂ, ಇವ್ಳು ನಾನೇಯ” ಅಂದರು. ನಾನು ತೆಗೆದದ್ದರಲ್ಲಿ ಇದೇ ಚೆನ್ನಾಗಿರುವುದು, ಸಂಕೋಚವಿಲ್ಲದೆ ಹೇಳುತ್ತೇನೆ.

ಅಮ್ಮ ನೆನಪು ಹೇಳಿದ್ದಾರೆ, ಅಜ್ಜಿಯ ಆಶೀರ್ವಾದ. ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ ಮಗಳು
ಇಂಪನಾ

ಲಕೋಟೆ ಅಂಟಿಸುವ ಮುಂಚೆ: ಫೋಟೋದಲ್ಲಿ ಅಜ್ಜಿಯ ಗಲ್ಲದ ಎಡಭಾಗ ನೋಡಿ, ಒಂದು ಚೂರು ಹಸಿರು ಉಳಿದಿದೆ. ಸರಳಿಗೆ ಕಟ್ಟಿದ ತುದಿ ತೆಗೆಯುವ ಹೊತ್ತಿಗೆ ಸಡಿಲವಾಗಿ ಜಾರಿತ್ತು. ನಾನು ಹೇಳದಿದ್ದರೆ ಅಜ್ಜಿಗೆ ಗೊತ್ತಾಗುತ್ತಿರಲಿಲ್ಲ, ಹೇಳಿಬಿಟ್ಟೆ. ಈಗ ಕಟ್ಟು ಹಾಕಿಸಲು ಬಿಡುತ್ತಿಲ್ಲ. “ಆ ತುದಿ ಹಿಡಿಯೋನು ಬಳ್ಳಾರೀಲವ್ನೆ, ಬರ್ಲಿ” ಅನ್ನುತ್ತಾರೆ. ಶಿವರಾತ್ರಿಗೆ ನಿಮಗೆ ರಜೆಯಿದೆ. ಹೊಸ ರೀಲು ಹಾಕಿಟ್ಟಿದ್ದೇನೆ. ಪಂಚೆ ಚಿಕ್ಕಪ್ಪನ ಹತ್ತಿರವೇ ಇದೆ.